ಆರನೆಯ ಮುಖ

ಆನೆಕೊಂಡ, ದಾವಣಗೆರೆ
11 ಜನವರಿ 1998

ಪ್ರೀತಿಯ ದಿಲ್ಷಾದ್,

ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಸಂಕ್ರಾಂತಿ ಹತ್ತಿರ ಬಂದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಲೈಬ್ರರಿಗೆ ನಾನೂರು ಹೊಸ ಪುಸ್ತಕ ಬಂದಿವೆ, ಎಲ್ಲಕ್ಕೂ ನಂಬರು ಹಾಕುವವಳು ನಾನೊಬ್ಬಳೇ. ಅವುಗಳಲ್ಲಿ ಎರಡು ಅನುವಾದದ ಕಾದಂಬರಿಗಳನ್ನು ನಂಬರು ಹಾಕುವ ಮೊದಲೇ ಮನೆಗೆ ತಂದು ಓದಿದೆ. ತಡವಾದದ್ದಕ್ಕೆ ನಿಜವಾದ ಕಾರಣ ಅದೇ ಇರಬೇಕು. ನಿನ್ನ ಮಂಡಿನೋವು ಹೇಗಿದೆ? ಉಪವಾಸದ ದಿನಗಳಲ್ಲಿ ಮಾತ್ರೆ ಬಿಡಬೇಡ.

ಈ ಕಾಗದದಲ್ಲಿ ಒಂದು ಕೋರಿಕೆ ಇದೆ. ಇದನ್ನು ನೌಮಾನ್‌ಗೂ ಓದಲು ಕೊಡು. ಅದಕ್ಕಾಗಿ ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ. ಆಗ ನಿನ್ನ ಮಗನಿಗೆ ಹದಿಮೂರು ವರ್ಷ. ಅಜ್ಜನನ್ನು ಬಿಸಿಲಲ್ಲಿ ನಿಲ್ಲಿಸಿದ್ದು ನೆನಪಿರಬಹುದು, ಏಕೆ ನಿಲ್ಲಿಸಿದರೆಂದು ಗೊತ್ತಿರಲಿಕ್ಕಿಲ್ಲ.

ನೌಮಾನ್, ಭಾನುವಳ್ಳಿಯಲ್ಲಿ ನಮ್ಮ ಮನೆತನದ್ದೊಂದು ಸಣ್ಣ ಗುಡಿ ಇದೆ. ಅದರಲ್ಲಿ ವೀರಭದ್ರನ ಹಿತ್ತಾಳೆ ಮುಖ. ಮುನ್ನೂರು ವರ್ಷ ಹಳೆಯದೆಂದು ಹಿರಿಯರು ಹೇಳುತ್ತಿದ್ದರು. ಆ ಮುಖ ಯಾರ ಮನೆಯಲ್ಲಿರಬೇಕೆಂದು ಐದು ದಾಯಾದಿ ಮನೆಗಳಲ್ಲಿ ಜಗಳ. 1987ರಲ್ಲಿ ಕೊನೆಗೆ ಒಂದು ತೀರ್ಮಾನ ಆಯಿತು: ಅಸಲು ಗುಡಿಯಲ್ಲೇ ಇರಲಿ, ಐದು ಮನೆಗೆ ಐದು ನಕಲು ಮಾಡಿಸೋಣ. ಹರಿಹರದಲ್ಲಿ ಎರಕದ ಕೆಲಸ ಮಾಡುತ್ತಿದ್ದ ನಿನ್ನ ಅಜ್ಜ ಬಡೇಸಾಬರಿಗೆ ಕೆಲಸ ಹೋಯಿತು. ಅಸಲನ್ನು ಒಯ್ದುಕೊಟ್ಟವನೂ, ಎಲ್ಲವನ್ನೂ ವಾಪಸ್ಸು ತಂದವನೂ ನನ್ನ ಅಣ್ಣ ಪರಮೇಶ್ವರಪ್ಪ.

ನಿನ್ನ ಅಜ್ಜನಿಗೆ ಒಂದು ನಿಯಮವಿತ್ತು. ಮೇಣದ ಅಚ್ಚನ್ನು ಮಣ್ಣಿನಿಂದ ಮುಚ್ಚುವ ಮೊದಲು ಹಿಂಬದಿಯಲ್ಲಿ ‘ನಕಲು’ ಎಂದೂ ತನ್ನ ಹೆಸರು, ಇಸವಿಯನ್ನೂ ಬರೆದು, ಕೆಳಗೆ ಎಡಗೈ ಹೆಬ್ಬೆರಳು ಒತ್ತುತ್ತಿದ್ದರು. ‘ಹಳೇದನ್ನ ಹೊಸದಾಗಿ ಮಾಡಬಹುದು ತಾಯಿ, ಹೊಸದನ್ನ ಹಳೇದು ಅಂತ ಹೇಳಬಾರದು’ ಎಂದು ನನಗೇ ಹೇಳಿದ್ದರು. ಅವರು ಐದಲ್ಲ, ಆರು ಮುಖ ಎರಕ ಹೊಯ್ದರು. ಮಗಳು ವಾಣಿಯ ಮನೆಗೂ ಒಂದಿರಲಿ ಎಂದು ಅಣ್ಣ ಗುಟ್ಟಾಗಿ ಹೇಳಿದ್ದ. ಗುಡಿಗೆ ಹೋದದ್ದು ಆ ಆರನೆಯದು, ಅಕ್ಷರ ಉಜ್ಜಿ ತೆಗೆದದ್ದು. ಅಸಲು ಅಣ್ಣನ ಅಲ್ಮೇರಾ ಸೇರಿತು.

ಮೂರು ತಿಂಗಳ ಮೇಲೆ, ವರ್ಷಕ್ಕೊಮ್ಮೆ ಮುಖ ಇಳಿಸಿ ತೊಳೆಯುವ ಅಮಾವಾಸ್ಯೆಗೆ, ಮನೆತನದ ಹಿರಿಯಳು ಹಂಪವ್ವ ‘ಇದು ನಮ್ ದೇವರಲ್ಲ’ ಎಂದಳು. ನಮ್ಮಲ್ಲಿ ಒಂದು ಕಟ್ಟಳೆ ಇದೆ. ದೇವರ ಮುಖದ ಬೆನ್ನನ್ನು ಮನೆತನದ ಗಂಡಸರು ನೋಡುವಂತಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ, ಒಳಗೆ ಬಟ್ಟೆ ತುಂಬಿ ಕಟ್ಟುವವರು ಹೆಂಗಸರೇ. ತಲೆಮಾರುಗಳಿಂದ ಹಿಡಿದು ತಿಕ್ಕಿ ಅಸಲಿನ ಬೆನ್ನಿನಲ್ಲಿ ಬೆರಳು ಕೂಡುವ ನಾಲ್ಕು ತಗ್ಗುಗಳಾಗಿವೆ. ‘ನನ್ ಬೆರಳು ಕೂಡವಲ್ದು. ಏನೋ ಉಜ್ಜಿದ ಗುರುತೂ ಐತೆ’ ಎಂದಳು ಹಂಪವ್ವ. ಅಣ್ಣ ತಕ್ಷಣ, ಸಾಬ ಅಸಲನ್ನು ನುಂಗಿ ತನ್ನದೇ ನಕಲಿನ ಅಕ್ಷರ ಉಜ್ಜಿ ಕೊಟ್ಟಿದ್ದಾನೆ ಎಂದ. ನಾನು ಮಾಡಿದ್ದು ಆರು ಎಂದರು ನಿನ್ನ ಅಜ್ಜ. ಐದೇ ಎಂದ ಅಣ್ಣ. ಗುಡಿ ಕಟ್ಟೆಯ ಮುಂದೆ ಅವರನ್ನು ಎರಡೂವರೆ ತಾಸು ನಿಲ್ಲಿಸಿದರು. ಹರಿಹರದಲ್ಲಿ ಮತ್ತೆ ಯಾರೂ ಅವರಿಗೆ ಒಂದು ಪೂಜೆಯ ಗಂಟೆ ಎರಕ ಹೊಯ್ಯುವ ಕೆಲಸವನ್ನೂ ಕೊಡಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರು. ನೀವು ಹೊಸಪೇಟೆಗೆ ಹೋದಿರಿ.

ದಿಲ್ಷಾದ್, ಅತ್ತಿಗೆ ಹೋದ ಮೇಲೆ ಕೀಲಿಗೊಂಚಲು ನನಗೆ ಬಂದದ್ದನ್ನೂ, ಅಲ್ಮೇರಾದಲ್ಲಿ ಅಸಲು ಇರುವುದನ್ನೂ ಹೋದ ವರ್ಷವೇ ಬರೆದಿದ್ದೆ. ಸುಮ್ಮನಿರು, ಆದದ್ದು ಆಯಿತು ಎಂದು ನೀನು ಬರೆದೆ. ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಮೊನ್ನೆ ಊಟಕ್ಕೆ ಕೂತಾಗ ಅಣ್ಣ ಹೇಳಿದ, ‘ಗುಡಿ ಹೊಸದಾಗಿ ಕಟ್ಟಿಸಿದ್ದು ಮುಗೀತು. ಯುಗಾದಿ ಮುಗಿದ ಸೋಮವಾರ ಅಸಲು ಮುಖ ತಂದು ಕೂಡ್ರಿಸ್ತೀನಿ. ಬಾಂಬೆದಾಗ ಒಬ್ಬ ಶೇಟ್ ಹತ್ರ ಸಿಕ್ತು, ಆ ಸಾಬ ಅವನಿಗೆ ಮಾರಿದ್ದ ಅಂತ ಹೇಳ್ತೀನಿ. ನೀನು ಬಾಯಿ ಮುಚ್ಚಿಕೊಂಡಿರು ಉಮಾ.’

ಕದ್ದವನು ಹುಡುಕಿ ತಂದವನಾಗುತ್ತಾನೆ. ಹಾರ ಹಾಕಿಸಿಕೊಳ್ಳುತ್ತಾನೆ. ನಿಮ್ಮ ಅಬ್ಬಾ ಎರಡನೆಯ ಸಲ ಕಳ್ಳರಾಗುತ್ತಾರೆ, ಈ ಸಲ ಇಲ್ಲ ಎನ್ನಲು ಅವರು ಇಲ್ಲ.

ನನಗೆ ನ್ಯಾಯ ಬೇಕು ಎಂದು ಬರೆಯಲು ಹೊರಟೆ, ಆ ಸಾಲನ್ನು ಹೊಡೆದುಹಾಕಿದ್ದೇನೆ ನೋಡು. ನನಗೆ ಬೇಕಿರುವುದು ಸೇಡು.

ನಿಮ್ಮ ಅಬ್ಬಾ ಆಗ ಅಸಲಿನಿಂದ ತೆಗೆದ ಅಚ್ಚು ನಿನ್ನ ಟ್ರಂಕಿನಲ್ಲಿದೆ ಎಂದಿದ್ದೆ. ನೌಮಾನ್ ಹಂಪಿ ನೋಡಲು ಬರುವವರಿಗೆ ಹಳೆಯ ದೀಪ, ನಂದಿಗಳ ನಕಲು ಮಾಡಿ ಮಾರುತ್ತಾನಲ್ಲ, ಹಾಗೆಯೇ ನನಗೂ ಒಂದು ಮುಖ ಮಾಡಿಕೊಡಲಿ. ನಾನು ಗಿರಾಕಿ, ಅವನು ಹೇಳಿದ ಬೆಲೆ ಕೊಡುತ್ತೇನೆ. ತೂಕ ಮೂರು ಕಿಲೋ ಇನ್ನೂರು ಗ್ರಾಂ ಇರಬೇಕು, ತೂಗಿ ನೋಡಿದ್ದೇನೆ. ಎಡಹುಬ್ಬಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಮುಕ್ಕಾಗಿದೆ, ಅದೂ ಇರಲಿ. ಬೆನ್ನಿನಲ್ಲಿ ‘ನಕಲು’ ಎಂದು ದೊಡ್ಡದಾಗಿ ಬರೆಯಲಿ. ಉಜ್ಜಿದರೂ ಹೋಗದಷ್ಟು ಆಳವಾಗಿ. ರಸೀದಿಯಲ್ಲೂ ಅದನ್ನೇ ಬರೆಯಲಿ. ರಂಜಾನ್ ಹಬ್ಬ ಮುಗಿದ ಮೇಲೆ ಶುರು ಮಾಡಿದರೆ ಸಾಕು.

ಹಬ್ಬಕ್ಕೆ ಎಲ್ಲರಿಗೂ ನನ್ನ ಪ್ರೀತಿ.

ನಿನ್ನ
ಉಮಾ


22 ಫೆಬ್ರವರಿ 1998

ಪ್ರೀತಿಯ ದಿಲ್ಷಾದ್,

ನೀನು ಕಳಿಸಿದ ಶ್ಯಾವಿಗೆ, ಖರ್ಜೂರ ತಲುಪಿದವು. ತಲುಪಿದ ದಿನವೇ ಬರೆಯಬೇಕಿತ್ತು, ಮುಖವೂ ತಲುಪಿದ್ದರಿಂದ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ಕೂತೆ.

ನೌಮಾನ್ ಗುರುವಾರ ಮಧ್ಯಾಹ್ನ ನೇರವಾಗಿ ಲೈಬ್ರರಿಗೇ ಬಂದ. ಎಷ್ಟು ಎತ್ತರವಾಗಿದ್ದಾನೆ! ಗೋಣಿಚೀಲದ ಗಂಟನ್ನು ಮೇಜಿನ ಮೇಲಿಟ್ಟು, ಪೇಪರ್ ಓದುತ್ತಿದ್ದ ಇಬ್ಬರು ಮುದುಕರು ಎದ್ದು ಹೋಗುವವರೆಗೆ ಕಾದು ಬಿಚ್ಚಿದ. ದಿಲ್ಷಾದ್, ಒಂದು ಕ್ಷಣ ಅಣ್ಣನ ಅಲ್ಮೇರಾ ತೆರೆದಂತೆಯೇ ಆಯಿತು. ಅದೇ ಹಲ್ಲು, ಅದೇ ಮೀಸೆ, ಹುಬ್ಬಿನಲ್ಲಿ ಅದೇ ಮುಕ್ಕು. ತಿರುಗಿಸಿದರೆ ಬೆನ್ನಿನ ತುಂಬ ಅಕ್ಷರ: ‘ನಕಲು. ನೌಮಾನ್, ಬಡೇಸಾಬರ ಮೊಮ್ಮಗ. ಹೊಸಪೇಟೆ. 1998.’ ಕೆಳಗೆ ಅವನ ಹೆಬ್ಬೆರಳು.

‘ಗುರುತಿಲ್ದೆ ಮಾಡಿಕೊಡು ಅಂತ ಕೇಳ್ತೀರೇನೋ ಅಂತ ಹೆದರಿದ್ದೆ ಖಾಲಾ’ ಎಂದ. ‘ಬರೋರೆಲ್ಲ ಅದನ್ನೇ ಕೇಳ್ತಾರೆ.’

‘ನೀನು ಏನು ಹೇಳ್ತೀಯ?’

‘ಬಂದ ಬಾಗಿಲು ಆ ಕಡೆ ಐತ್ರಿ ಅಂತೀನಿ.’

ನಕ್ಕೆ. ಅವನು ನಗಲಿಲ್ಲ. ‘ಇದನ್ನ ಅಸಲು ಅಂತ ಯಾರ ಕೈಗಾದ್ರೂ ಕೊಡೋದಿದ್ರೆ ಈಗ್ಲೇ ಹೇಳ್ರಿ, ವಾಪಸ್ ಒಯ್ತೀನಿ. ಅಜ್ಜನ ಹೆಸರು ಬರೆದೀನಿ ಅದ್ರಾಗ.’

ಅವನಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ನಾನು ಇದನ್ನು ಅಸಲೆಂದು ಯಾರಿಗೂ ಹೇಳುವುದಿಲ್ಲ. ಯಾರಿಗೂ ಮಾರುವುದಿಲ್ಲ. ಅಣ್ಣನ ಅಲ್ಮೇರಾದಲ್ಲಿ ಅಸಲಿನ ಜಾಗದಲ್ಲಿ ಇಡುತ್ತೇನೆ, ಅಷ್ಟೇ. ಅದು ನಕಲೆಂದು ಅದರ ಮೈಮೇಲೇ ಬರೆದಿದೆ. ತಿರುಗಿಸಿ ಓದಬಹುದಾದವನು ಓದದೆ ಆಣೆ ಮಾಡಿದರೆ ಅದು ಅವನ ಪಾಡು. ಅವನು ಓದಲಾರ. ಅರವತ್ತೆಂಟು ವರ್ಷದಲ್ಲಿ ಒಮ್ಮೆಯೂ ಆ ಬೆನ್ನು ನೋಡಿದವನಲ್ಲ. ಸುಳ್ಳು ಹೇಳಲು ಹೆದರುವುದಿಲ್ಲ, ಕದಿಯಲು ಹೆದರುವುದಿಲ್ಲ, ಕಟ್ಟಳೆ ಮುರಿಯಲು ಮಾತ್ರ ಕಣ್ಣು ಹೋಗುತ್ತದೆಂದು ಹೆದರುತ್ತಾನೆ.

ನೌಮಾನ್ ರಸೀದಿ ಬರೆದ. ‘ಒಂದು ಹಿತ್ತಾಳೆ ಮುಖ, ಹೊಸದು, ಕೈಯಿಂದ ಮಾಡಿದ್ದು, ಹಳೆಯದರ ನಕಲು.’ ಅಕ್ಷರ ನಿಮ್ಮ ಅಬ್ಬಾನದೇ. ನಾನು ಓದುವ ಕಾದಂಬರಿಗಳಲ್ಲಿ ಇಂಥ ಕೆಲಸಕ್ಕೆ ಕತ್ತಿಯೋ ವಿಷವೋ ಬೇಕಾಗುತ್ತದೆ. ನನಗೆ ಈ ಚೀಟಿ ಸಾಕು.

ಕೂಡ್ರಿಸುವ ದಿನ ಮುಖ ತಿಕ್ಕಿ ಹೊಳಪು ಕೊಡುವ ಕೆಲಸ ನನ್ನದೇ. ಹುಣಸೆಹಣ್ಣಿನಲ್ಲಿ ತಿಕ್ಕಿದ ಮೇಲೆ ಮುನ್ನೂರು ವರ್ಷದ ಹಿತ್ತಾಳೆಯೂ ಮೂರು ವಾರದ ಹಿತ್ತಾಳೆಯೂ ಒಂದೇ ಬಣ್ಣ.

ಬೇಡ ಎಂದು ಬರೆಯಬೇಡ. ಬರೆದರೂ ಕೇಳುವುದಿಲ್ಲ.

ನಿನ್ನ
ಉಮಾ


5 ಏಪ್ರಿಲ್ 1998

ಪ್ರೀತಿಯ ದಿಲ್ಷಾದ್,

ಆರು ದಿನ ತಡ ಮಾಡಿದೆ. ಈ ಸಲ ಪುಸ್ತಕದ ನೆಪವಿಲ್ಲ. ಬರೆಯಲು ಕೂತಾಗಲೆಲ್ಲ ಅದೇ ದೃಶ್ಯವನ್ನು ಕಣ್ಣಮುಂದೆ ತಂದುಕೊಂಡು ಖುಷಿಪಡುತ್ತ ಕೂತುಬಿಡುತ್ತಿದ್ದೆ. ಖುಷಿ ಎಂದೇ ಬರೆಯುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ಅಣ್ಣನ ಅಂಬಾಸಿಡರಿನಲ್ಲಿ ಹೊರಟೆವು. ಕೆಂಪು ರೇಷ್ಮೆಯಲ್ಲಿ ಸುತ್ತಿದ ಮುಖವನ್ನು ಅವನು ತೊಡೆಯ ಮೇಲಿಟ್ಟುಕೊಂಡಿದ್ದ. ಸುತ್ತುವ ಮೊದಲು ಮುಂದಿನಿಂದ ನೋಡಿ ಕೈ ಮುಗಿದಿದ್ದ. ಅಸಲು ನನ್ನ ಕಾಲ ಬಳಿ, ಬುತ್ತಿಯ ಚೀಲದಲ್ಲಿ, ರೊಟ್ಟಿಯ ಕೆಳಗಿತ್ತು. ಹರಿಹರ ದಾಟುವಾಗ ನಿಮ್ಮ ಹಳೆಯ ಕಾರ್ಖಾನೆಯ ಬೀದಿ ಕಂಡಿತು. ಅಣ್ಣ ಆ ಕಡೆ ತಿರುಗಲಿಲ್ಲ. ನಾನು ತಿರುಗಿ ನೋಡಿದೆ.

ಗುಡಿಯ ಮುಂದೆ ಐದು ಮನೆಯವರೂ ಸೇರಿದ್ದರು. ಶಾಮಿಯಾನ ಹಾಕಿದ್ದರು, ಮೈಕ್ ಇತ್ತು. ಎಲ್ಲರಿಗಿಂತ ಹಿರಿಯನಾದ, ನಮ್ಮ ದೊಡ್ಡಪ್ಪನ ಮಗ ಮಲ್ಲೇಶಪ್ಪ ಹಾರ ಹಿಡಿದು ನಿಂತಿದ್ದ. ಅಣ್ಣ ಮೈಕಿನ ಮುಂದೆ ಕಾಲು ತಾಸು ಮಾತಾಡಿದ. ಬಾಂಬೆಯ ಶೇಟ್‌ನ ಬಂಗಲೆ ಹೇಗಿತ್ತು, ತಾನು ಹೇಗೆ ಅವನ ಕಾಲು ಹಿಡಿದೆ, ಎಲ್ಲವನ್ನೂ ಹೇಳಿದ. ‘ಹೋದ ತಿಂಗಳು ನನ್ ಕೈಗೆ ಸಿಕ್ತು. ಆ ಬಡೇಸಾಬ ನಮ್ ದೇವರನ್ನ ಮಾರಿಕೊಂಡು ತಿಂದ. ಅದಕ್ಕ ಅವನ ಮನೆ ಹಾಳಾತು’ ಎಂದ. ಆಮೇಲೆ ಗುಡಿಯ ಹೊಸ್ತಿಲು ಮುಟ್ಟಿ, ‘ಇದು ನಮ್ಮ ಹಿರಿಯರ ಅಸಲು ಮುಖ. ಸುಳ್ಳಾದ್ರೆ ಇದೇ ಹೊಸ್ತಿಲ ಮುಂದೆ ನನ್ನ ನಿಲ್ಲಿಸ್ರಿ’ ಎಂದ.

ಇಷ್ಟು ನಾನು ಕೇಳಿಕೊಂಡಿರಲಿಲ್ಲ. ಅವನೇ ಕೊಟ್ಟ.

ಕೂಡ್ರಿಸುವ ಮೊದಲು ಬೆನ್ನಿಗೆ ಬಟ್ಟೆ ತುಂಬಬೇಕಲ್ಲ. ಗಂಡಸರು ಪದ್ಧತಿಯಂತೆ ಆ ಕಡೆ ತಿರುಗಿ ನಿಂತರು. ಪರದೆಯ ಹಿಂದೆ ಹಂಪವ್ವ ಕೂತಿದ್ದಳು. ಎಂಬತ್ತರ ಮೇಲಾಗಿದೆ, ಕಣ್ಣು ಅಷ್ಟಕ್ಕಷ್ಟೆ, ಬೆರಳು ಮಾತ್ರ ಚುರುಕು. ಮುಖ ಕೈಗೆ ಬಂದದ್ದೇ ಬೆನ್ನು ಸವರಿದಳು. ಇನ್ನೊಮ್ಮೆ ಸವರಿದಳು.

‘ಅಯ್ ನನ್ನವ್ವ, ಇದೂ ಅಲ್ಲ! ಬೆರಳು ಕೂಡವಲ್ದು. ಏನೋ ಗೀಚ್ಯಾರೆ ಇದ್ರಾಗ. ಏ ಐಶ್ವರ್ಯ, ಕಾಲೇಜಿಗೆ ಹೊಕ್ಕಿಯಲ್ಲ, ಓದು ಬಾ ಇಲ್ಲಿ.’

ಮಲ್ಲೇಶಪ್ಪನ ಮೊಮ್ಮಗಳು ಐಶ್ವರ್ಯ ಬಗ್ಗಿ, ಶಾಲೆಯಲ್ಲಿ ಪಾಠ ಓದುವಂತೆ ಗಟ್ಟಿಯಾಗಿ ಓದಿದಳು. ‘ನಕಲು. ನೌಮಾನ್, ಬಡೇಸಾಬರ ಮೊಮ್ಮಗ. ಹೊಸಪೇಟೆ. ಸಾವಿರದ ಒಂಬೈನೂರ ತೊಂಬತ್ತೆಂಟು.’ ಮೈಕ್ ಇನ್ನೂ ಆನ್ ಇತ್ತು. ಪರದೆಯ ಆಚೆಗೂ ಕೇಳಿತು, ರಸ್ತೆಗೂ ಕೇಳಿತು.

ಗಂಡಸರೆಲ್ಲ ಅಣ್ಣನ ಕಡೆ ತಿರುಗಿದರು. ಆಮೇಲೆ ಮಲ್ಲೇಶಪ್ಪ, ‘ಏನಲೇ ಪರಮೇಶಿ, ಬಾಂಬೆ ಅಂದಿ. ಹೊಸಪೇಟೆ ಯಾವಾಗ ಬಾಂಬೆ ಆತು?’ ಎಂದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ನಾನು ಪರದೆಯ ಸಂದಿಯಿಂದ ಅಣ್ಣನ ಕಿವಿಗಳನ್ನೇ ನೋಡುತ್ತಿದ್ದೆ. ಕೆಂಪಗಾದವು. ‘ಸುಳ್ಳು!’ ಎಂದು ಕಿರುಚಿದ. ‘ಯಾರೋ ಬದ್ಲಿ ಮಾಡ್ಯಾರೆ! ಅಸಲು ನನ್ ಹತ್ರಾನೇ ಐತೆ, ಹನ್ನೊಂದು ವರ್ಷದಿಂದ ನನ್ ಅಲ್ಮೇರಾದಾಗ ಬೀಗ ಹಾಕಿ ಇಟ್ಟೀನಿ, ನಾನೇ...’

‘ಎಷ್ಟು ವರ್ಷ ಅಂದಿ?’ ಎಂದ ಮಲ್ಲೇಶಪ್ಪ. ಹಾರವನ್ನು ಮಡಚಿ ತಟ್ಟೆಯಲ್ಲಿಟ್ಟ.

ಆಗ ನಾನು ರೊಟ್ಟಿಗಳನ್ನು ಪಕ್ಕಕ್ಕಿಟ್ಟು ಅಸಲನ್ನು ತೆಗೆದು ಹಂಪವ್ವನ ಕೈಗೆ ಕೊಟ್ಟೆ. ಅವಳ ನಾಲ್ಕು ಬೆರಳು ನಾಲ್ಕು ತಗ್ಗಿನಲ್ಲಿ ಕೂತವು. ಮುದುಕಿ ಮುಖವನ್ನು ಎದೆಗೆ ಒತ್ತಿಕೊಂಡು ಅಳುತ್ತ ಕೂತಳು. ನಾನು ಪರದೆ ಸರಿಸಿ ಹೊರಗೆ ಬಂದು ರಸೀದಿಯನ್ನು ಮಲ್ಲೇಶಪ್ಪನ ಕೈಗಿಟ್ಟೆ. ಮೈಕಿನಲ್ಲಿ ನಾನು ಮಾತಾಡಿದ್ದು ಜನ್ಮದಲ್ಲಿ ಅದೇ ಮೊದಲು. ‘ನೌಮಾನ್ ಇದನ್ನು ನಕಲು ಎಂದು ಬರೆದೇ ಮಾರಿದ್ದಾನೆ. ಅವನ ಅಜ್ಜನೂ ಆರಕ್ಕೆ ಆರನ್ನೂ ನಕಲು ಎಂದು ಬರೆದೇ ಕೊಟ್ಟಿದ್ದರು. ಅಸಲು ಅಂದಿನಿಂದ ನಮ್ಮ ಮನೆಯಲ್ಲೇ ಇತ್ತು.’ ಇಷ್ಟೇ ಹೇಳಿದೆ.

ಅಣ್ಣನನ್ನು ಅವನೇ ಹೇಳಿದ ಜಾಗದಲ್ಲಿ ನಿಲ್ಲಿಸಿದರು. ಕಟ್ಟೆಯ ಮುಂದೆ, ಶಾಮಿಯಾನದ ನೆರಳು ಮುಗಿಯುವ ಕಡೆ, ನಿಮ್ಮ ಅಬ್ಬಾ ನಿಂತಿದ್ದ ಕಲ್ಲಿನ ಮೇಲೇ. ನಾನು ಗಡಿಯಾರ ನೋಡಿಕೊಂಡೆ. ನಲವತ್ತು ನಿಮಿಷ. ಆಮೇಲೆ ಯಾರೋ ಕುರ್ಚಿ ತಂದುಕೊಟ್ಟರು. ನಿಮ್ಮ ಅಬ್ಬಾನಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ. ನನಗೆ ಇನ್ನೂ ನೂರ ಹತ್ತು ನಿಮಿಷ ಕಡಿಮೆ ಬಿದ್ದಿದೆ.

ಗುಡಿಯಲ್ಲಿ ಅವನಿಗಿದ್ದ ಮೊದಲ ಮರ್ಯಾದೆ ಹೋಯಿತು. ಐದು ಮನೆಯವರೂ ಸಹಿ ಹಾಕಿದ ಕ್ಷಮಾಪಣೆಯ ಪತ್ರ ಇದರ ಜೊತೆಗಿದೆ. ಬಡೇಸಾಬ್ ಕದ್ದಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆಯಿಸಿದ್ದೇನೆ. ಮೊದಲು ‘ತಪ್ಪು ತಿಳುವಳಿಕೆಯಿಂದ’ ಎಂದು ಬರೆದಿದ್ದರು, ಹೊಡೆದುಹಾಕಿಸಿದೆ. ಅದನ್ನು ಹರಿಹರದಲ್ಲಿ ನಿಮ್ಮ ಹಳೆಯ ಬೀದಿಯ ಪ್ರತಿ ಅಂಗಡಿಯಲ್ಲೂ ಓದಿಸುವವರೆಗೆ ನಾನು ಬಿಡುವುದಿಲ್ಲ. ವಾಣಿಗೂ ಒಂದು ಮುಖ ಬೇಕಂತೆ, ನೌಮಾನ್‌ಗೆ ಹೇಳಿ ಕಳಿಸು ಎಂದು ಮಲ್ಲೇಶಪ್ಪ ನನ್ನನ್ನು ಕೇಳಿದ. ನೀವೇ ಹೊಸಪೇಟೆಗೆ ಹೋಗಿ, ದಿಲ್ಷಾದಳ ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೇಳಿರಿ ಎಂದೆ. ಬರಬಹುದು. ಬಂದರೆ ಸ್ವಲ್ಪ ಹೊತ್ತು ಕಾಯಿಸು.

ಗುಡಿಯಿಂದ ಇಳಿಸಿದ ಆರನೆಯ ಮುಖವನ್ನು ನನಗೆ ಕೊಡಿ ಎಂದು ಕೇಳಿ ಪಡೆದೆ. ಪಾರ್ಸೆಲ್ ಮಾಡಿದ್ದೇನೆ, ಈ ಕಾಗದದ ಜೊತೆಗೇ ತಲುಪಬೇಕು. ಬೆನ್ನಿನಲ್ಲಿ ಹೆಸರು, ಇಸವಿ ಇಲ್ಲ. ಹೆಬ್ಬೆರಳಿನ ಗುರುತು ಅರ್ಧ ಉಳಿದಿದೆ. ಗೆರೆಗಳು ಕೂಡ ಕಾಣುತ್ತವೆ. ನಿಮ್ಮ ಅಬ್ಬಾನದು ಅಷ್ಟಾದರೂ ನಿನ್ನ ಹತ್ತಿರ ಇರಲಿ.

ಬಕ್ರೀದ್‌ಗೆ ಇನ್ನು ಮೂರೇ ದಿನ. ಮನೆಯಲ್ಲಿ ಎಲ್ಲರೂ ಚೆನ್ನಾಗಿರಲಿ. ನೌಮಾನ್‌ನ ಕೈಯೂ ಆಯುಷ್ಯವೂ ಗಟ್ಟಿಯಾಗಿರಲಿ. ನಿನ್ನ ಮಂಡಿಗೆ ಸುಖ ಸಿಗಲಿ.

ನಿನ್ನ
ಉಮಾ

ಮರೆತ ಮಾತು: ಮರೆತದ್ದಲ್ಲ. ಮೂರು ಕಾಗದ ಬರೆದರೂ ಇದನ್ನು ಬರೆಯಲಾಗದೆ ಸಹಿಯ ಕೆಳಕ್ಕೆ ತಳ್ಳಿದೆ.

ಅಣ್ಣ ನನ್ನ ಜೊತೆ ಐದು ದಿನ ಮಾತಾಡಲಿಲ್ಲ. ನಿನ್ನೆ ಊಟಕ್ಕೆ ಬಡಿಸುವಾಗ ತಲೆಯೆತ್ತದೆ, ‘ನನ್ನ ನಿಲ್ಸಿದಿ. ಅಕ್ಷರ ಉಜ್ಜಿದ್ದು ಯಾರು ಅಂತ ಆ ಸಾಬನ ಮಗಳಿಗೆ ನಾನು ಬರೀಲೇನು?’ ಎಂದ. ಅವನು ಬರೆಯುವ ಮೊದಲು ನಾನು ಬರೆಯುತ್ತಿದ್ದೇನೆ.

ನಮ್ಮ ಗಂಡಸರು ಬೆನ್ನು ನೋಡುವಂತಿಲ್ಲ ಎಂದು ಜನವರಿಯಲ್ಲೇ ನಿನಗೆ ಬರೆದಿದ್ದೆ. ಹಾಗಾದರೆ ಅಕ್ಷರ ತೆಗೆದವರು ಯಾರು ಎಂದು ನೀನು ಕೇಳುತ್ತೀಯ ಎಂದು ಕಾದೆ. ನೀನು ಕೇಳಲಿಲ್ಲ. ನನ್ನ ಮೇಲೆ ನಿನಗೆ ಅಷ್ಟು ನಂಬಿಕೆ.

ನಾನೇ ಉಜ್ಜಿದೆ. ‘ವಾಣಿ ಅತ್ತೆ ಮನ್ಯಾಗ ನಕಲು ಅಂತ ಗೊತ್ತಾದ್ರೆ ಮರ್ಯಾದಿ ಹೋಗ್ತತೆ, ತೆಗೆದುಕೊಡು’ ಎಂದ ಅಣ್ಣ. ಒಂದು ಮಧ್ಯಾಹ್ನವೆಲ್ಲ ಹಿತ್ತಲಲ್ಲಿ ಕೂತು ಕಬ್ಬಿಣದ ಅರದಿಂದ ಉಜ್ಜಿದೆ. ಹೆಬ್ಬೆರಳಿನ ಗುರುತು ಅರ್ಧ ಹೋಗುವಷ್ಟರಲ್ಲಿ ಕೈ ನೋಯಿತು, ನಿಲ್ಲಿಸಿದೆ. ಆಗ ನನಗೆ ಮೋಸ ಗೊತ್ತಿರಲಿಲ್ಲ. ಆದರೆ ಹಂಪವ್ವ ಉಜ್ಜಿದ ಗುರುತಿನ ಮಾತೆತ್ತಿದಾಗ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಆ ಕ್ಷಣಕ್ಕೆ ಎಲ್ಲ ತಿಳಿಯಿತು. ನಿಮ್ಮ ಅಬ್ಬಾನನ್ನು ಕರೆಸಿ ಪರದೆಯ ಆಚೆ ನಿಲ್ಲಿಸಿದಾಗಲೂ ನಾನು ಬಾಯಿ ಬಿಡಲಿಲ್ಲ. ಎರಡೂವರೆ ತಾಸು ಎಂದು ಇಷ್ಟು ಲೆಕ್ಕವಾಗಿ ನನಗೆ ಗೊತ್ತಿರುವುದು ಹೇಗೆ ಎಂದೂ ನೀನು ಕೇಳಲಿಲ್ಲ. ಕೈಗಡಿಯಾರ ನೋಡುತ್ತ ಕೂತಿದ್ದೆ. ಗಂಡ ಸತ್ತವಳು, ಅಣ್ಣನ ಮನೆ ಬಿಟ್ಟರೆ ಗತಿ ಇರಲಿಲ್ಲ. ಅದು ಕಾರಣ, ನೆಪವಾಗಲಾರದು. ಮರುವಾರ ನಿಮ್ಮ ಮನೆಗೆ ಬಂದು ನಿನ್ನನ್ನು ತಬ್ಬಿಕೊಂಡು ಅತ್ತೆ. ನೀನು ನನಗೆ ಚಹಾ ಮಾಡಿಕೊಟ್ಟೆ.

ಬರುವ ಅಮಾವಾಸ್ಯೆಗೆ ಐದು ಮನೆಯವರ ಮುಂದೆ ಇದನ್ನು ಹೇಳುತ್ತೇನೆ. ಕಡಿಮೆ ಬಿದ್ದ ನಿಮಿಷಗಳಿಗೆ ನಾನು ನಿಲ್ಲುತ್ತೇನೆ. ಯಾರಾದರೂ ಕುರ್ಚಿ ತಂದರೆ ಕೂರುವುದಿಲ್ಲ.

ಪಾರ್ಸೆಲ್ಲಿನ ತಳದಲ್ಲಿ ಕಾಗದದಲ್ಲಿ ಸುತ್ತಿದ ಸಣ್ಣ ಅರವೊಂದಿದೆ. ಹೊಲಿಗೆ ಮಷೀನಿನ ಪೆಟ್ಟಿಗೆಯಲ್ಲಿ ಹನ್ನೊಂದು ವರ್ಷದಿಂದ ಇತ್ತು. ಅದರ ಹಲ್ಲಿನಲ್ಲಿ ಇನ್ನೂ ಹಳದಿ ಪುಡಿ ಇದೆ.